ವಖಾರಿ ಮೇಲಿನ ಗುರುವಾರ

"ಮೈಕ್ ಎಲ್ಲಿ?"

ಬಂದವರೆಲ್ಲ ಕೇಳಿದ ಮೊದಲ ಪ್ರಶ್ನೆ ಇದೇ. ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಬಿಟ್ಟು, ಕೋಣೆಯ ನಾಲ್ಕೂ ಮೂಲೆ ನೋಡಿ, ಆಮೇಲೆ ನನ್ನ ಮುಖ ನೋಡುತ್ತಿದ್ದರು. ಇಲ್ಲ ಅಂದರೆ "ಹಾಳಾಗಿದ್ಯಾ? ನಮ್ಮ ಪರಿಚಯದವರ ಹತ್ರ ಒಂದಿದೆ, ತರಿಸಲಾ?" ಎಂದು ಪಾಪ ಸಹಾಯಕ್ಕೇ ನಿಲ್ಲುತ್ತಿದ್ದರು. ಬೇಡ ಅಂತಲೇ ಇಟ್ಟಿಲ್ಲ ಎಂದರೆ ನಂಬುತ್ತಿರಲಿಲ್ಲ. ಶಿರಸಿಯಲ್ಲಿ ನಾಮಕರಣಕ್ಕೂ ಮೈಕ್ ಇರುತ್ತದೆ. ಹತ್ತು ಜನ ಸೇರಿದ ಭಜನೆಗೂ ಎರಡು ಕಪ್ಪು ಪೆಟ್ಟಿಗೆ ತಂದಿಟ್ಟು ಅರ್ಧ ಗಂಟೆ "ಹಲೋ, ಹಲೋ" ಅನ್ನುತ್ತಾರೆ.

ಅದು 2023ರ ನವೆಂಬರ್ 23, ಗುರುವಾರ. ಅಡಿಕೆ ವಖಾರಿಯ, ಅಂದರೆ ಗೋದಾಮಿನ, ಮಹಡಿಯಲ್ಲಿ ನಮ್ಮ ವಾರದ ಹಾಡಿನ ಕೂಟದ ಮೊದಲ ಸಂಜೆ. ದೀಪಾವಳಿ ಮುಗಿದು ವಾರ ಕಳೆದಿತ್ತು. ಬಂದವರು ಒಂಬತ್ತು ಜನ. ಅದರಲ್ಲಿ ಮೂವರು ನಮ್ಮ ಮನೆಯವರು, ಒಬ್ಬರು ಜಾಗ ಕೊಟ್ಟ ಯಜಮಾನರು, ಇನ್ನೊಬ್ಬರು ಕಷಾಯ ತಂದವರು. ಉಳಿದ ನಾಲ್ಕೇ ಜನ ನಿಜವಾದ ಅತಿಥಿಗಳು. ಅವರಲ್ಲೂ ಒಬ್ಬರು ಕೆಳಗೆ ಅಡಿಕೆ ದರ ಕೇಳಲು ಬಂದು, ಮೇಲೇನೋ ಇದೆ ಅಂತ ಹತ್ತಿ ಬಂದವರು.

ಈ ಹುಚ್ಚು ನನಗೆ ಹತ್ತಿದ್ದು ಇಂಗ್ಲೆಂಡಿನಲ್ಲಿ. ಕಂಪನಿ ಕೆಲಸದ ಮೇಲೆ ಹನ್ನೊಂದು ತಿಂಗಳು ನ್ಯೂಕ್ಯಾಸಲ್‌ನಲ್ಲಿದ್ದೆ. ಚಳಿಗಾಲದಲ್ಲಿ ಅಲ್ಲಿ ಮೂರೂವರೆ ನಾಲ್ಕಕ್ಕೆಲ್ಲ ಕತ್ತಲೆ. ಕೋಣೆಗೆ ಹೋದರೆ ನಾನು ಮತ್ತು ಹೀಟರ್ ಇಬ್ಬರೇ. ಸಹೋದ್ಯೋಗಿಯೊಬ್ಬ ಒಂದು ಸಂಜೆ ಪಬ್ಬೊಂದರ ಮೇಲ್ಮಹಡಿಗೆ ಕರೆದುಕೊಂಡು ಹೋದ. ಕೆಳಗೆ ಗಲಾಟೆ, ಮೇಲೆ ಮೂವತ್ತು ನಲವತ್ತು ಕುರ್ಚಿ. ಅವರು ಅದಕ್ಕೆ ಫೋಕ್ ಕ್ಲಬ್ ಅನ್ನುತ್ತಾರೆ, ಜನಪದ ಹಾಡಿನ ಕೂಟ. ವಾರಕ್ಕೊಂದು ಸಂಜೆ. ವೇದಿಕೆ ಇಲ್ಲ, ಮೈಕ್ ಇಲ್ಲ. ನಿವೃತ್ತ ಮೇಷ್ಟ್ರು, ನರ್ಸು, ಬಸ್ ಡ್ರೈವರು, ಯಾರು ಬೇಕಾದರೂ ಎದ್ದು ನಿಂತು ಒಂದೆರಡು ಹಾಡು ಹೇಳಿ ಕೂರಬಹುದು. ಅವರನ್ನು ಫ್ಲೋರ್ ಸಿಂಗರ್ ಅಂತ ಕರೆಯುತ್ತಾರೆ. ಕೆಲವು ವಾರ ಹೊರಗಿನಿಂದ ಒಬ್ಬ ಅತಿಥಿ ಗಾಯಕ ಬರುತ್ತಾನೆ. ನಡುವೆ ಬಿಡುವು, ಲಾಟರಿ ಚೀಟಿ, ಮತ್ತೆ ಹಾಡು. ಗಣಿ ಕೆಲಸದವರ ಹಾಡು, ಹಡಗಿನವರ ಹಾಡು. ಪಲ್ಲವಿ ಬಂದಾಗ ಇಡೀ ಕೋಣೆ ಹಾಡುತ್ತದೆ. ಅವರವರ ದನಿಯಲ್ಲೇ ಮೂರು ನಾಲ್ಕು ಎಳೆ ಬಿಡಿಸಿಕೊಂಡು ಹಾಡುತ್ತಾರೆ. ಮೊದಲ ಸಲ ಅದನ್ನು ಕೇಳಿದಾಗ ಕೈಯಲ್ಲಿದ್ದ ಲೋಟ ಹಾಗೇ ಹಿಡಿದುಕೊಂಡು ಕೂತಿದ್ದೆ.

ಬ್ರಿಟನ್ನಿನಲ್ಲಿ ಇಂಥ ಕ್ಲಬ್ಬುಗಳು ಹುಟ್ಟಿದ್ದು 1950ರ ದಶಕದಲ್ಲಿ. ನ್ಯೂಕ್ಯಾಸಲ್ಲಿನಲ್ಲೇ 1958ರಲ್ಲಿ ಒಂದು ಶುರುವಾಗಿತ್ತು. ಲಂಡನ್ನಿನಲ್ಲಿ ಜನಪದ ಗಾಯಕರಾದ ಇವಾನ್ ಮೆಕಾಲ್, ಪೆಗಿ ಸೀಗರ್ ಮತ್ತು ಅವರ ಜೊತೆಗಾರರು ನಡೆಸುತ್ತಿದ್ದ ಕ್ಲಬ್ಬಿನಲ್ಲಿ ಒಂದು ಕಟ್ಟುನಿಟ್ಟು ಇತ್ತಂತೆ. ವೇದಿಕೆಗೆ ಬಂದವರು ತಮ್ಮ ಭಾಷೆಯ, ತಮ್ಮ ನೆಲದ ಹಾಡನ್ನೇ ಹೇಳಬೇಕು. ಲಂಡನ್ ಹುಡುಗ ಅಮೆರಿಕದ ರೈಲು ಹಾಡು ಹೇಳುವ ಹಾಗಿಲ್ಲ. ಇದರ ಬಗ್ಗೆ ಅಲ್ಲಿನವರು ಇವತ್ತಿಗೂ ಜಗಳ ಆಡುತ್ತಾರೆ. ನನಗೆ ಆ ನಿಯಮ ಬೇರೆ ರೀತಿ ಚುಚ್ಚಿತು. ಅಲ್ಲಿಯ ಅಜ್ಜ ಒಬ್ಬರು "ನಿಮ್ಮೂರಿನದು ಒಂದು ಹಾಡು" ಅಂದರು. ನಾನು ಎದ್ದು ನಿಂತೆ. ಬಾಯಿಗೆ ಬಂದದ್ದು ಸಿನಿಮಾ ಹಾಡು. ಅದರ ಎರಡನೇ ಚರಣವೂ ಮರೆತುಹೋಯಿತು. ನಮ್ಮ ಮನೆಯಲ್ಲಿ ಅಮ್ಮಮ್ಮ ಬೀಸುಕಲ್ಲಿನ ಮುಂದೆ, ತೊಟ್ಟಿಲ ಮುಂದೆ, ಆರತಿ ತಟ್ಟೆ ಹಿಡಿದು ಎಷ್ಟು ಹಾಡುತ್ತಿದ್ದಳು! ಒಂದು ಸಾಲೂ ನನಗೆ ಬರುತ್ತಿರಲಿಲ್ಲ.

ಊರಿಗೆ ಬಂದೆ. ಮನೆಯಿಂದಲೇ ಕೆಲಸ ಮಾಡುವ ಅವಕಾಶ ಸಿಕ್ಕಿತು. ಜಾಗ ಹುಡುಕಲು ಹೊರಟೆ.

ಮೊದಲು ಕೇಳಿದ್ದು ಒಂದು ಸಭಾಭವನ. ಬಾಡಿಗೆ ಕೇಳಿ ಹಿಂದೆ ಬಂದೆ. ಆಮೇಲೆ ಒಂದು ಶಾಲೆಯ ಕೋಣೆ. ಕೊಡುತ್ತೇವೆ ಅಂದರು, ಆದರೆ ಪ್ರತಿ ವಾರವೂ ಅರ್ಜಿ ಬರೆದುಕೊಡಬೇಕಂತೆ. ಕೊನೆಗೆ ಸಿಕ್ಕಿದ್ದು ಶಿರಸಿ ಪೇಟೆಯ ಬಿಡಕಿಬೈಲಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಹಳೆಯ ಅಡಿಕೆ ವಖಾರಿಯ ಮಹಡಿ. ಯಜಮಾನರು ಅಪ್ಪಯ್ಯನಿಗೆ ಪರಿಚಯ. ವಖಾರಿ ಕೆಲಸ ಈಗ ಕಡಿಮೆ. ಮೇಲೆ ಒಂದು ಉದ್ದನೆಯ ಕೋಣೆ ಖಾಲಿ ಬಿದ್ದಿತ್ತು. ಮರದ ಹಲಗೆಯ ನೆಲ, ಮೇಲೆ ಹೆಂಚು, ರಸ್ತೆ ಕಡೆ ತಗಡಿನ ಮಾಡು. ಗೋಣಿಚೀಲ ಮತ್ತು ಬಿಸಿಲಿಗೆ ಒಣಗಿಸಿದ ಚಾಲಿ ಅಡಿಕೆಯ ವಾಸನೆ. ಇವತ್ತಿಗೂ ಆ ವಾಸನೆ ಬಂದರೆ ನನಗೆ ಶ್ರುತಿ ಕೇಳಿದ ಹಾಗಾಗುತ್ತದೆ.

ನಾನು ಮಾಡಬೇಕೆಂದಿರುವುದನ್ನೆಲ್ಲ ಅವರಿಗೆ ವಿವರಿಸಿದೆ. ಪಬ್ಬು, ಮೇಲ್ಮಹಡಿ, ಮೈಕ್ ಇಲ್ಲ, ಸುತ್ತ ಕೂರುವುದು, ಒಬ್ಬರಾದ ಮೇಲೆ ಒಬ್ಬರು. ಅವರು ಎಲೆಯಡಿಕೆಯ ಕವಳ ಹಾಕುತ್ತ ಕೇಳಿಸಿಕೊಂಡರು. ಆಮೇಲೆ ಅಂದರು: "ತಾಳಮದ್ದಳೆ ನಮೂನಿನೇ ಅಲ್ದನ ತಮಾ? ಇದ್ನ ನೋಡಲೆ ಇಂಗ್ಲೆಂಡಿಗೆ ಹೋಗಕ್ಕಾಗಿತ್ತಾ?"

ಹೌದಲ್ವಾ! ಮಳೆಗಾಲದಲ್ಲಿ ಯಕ್ಷಗಾನದ ಬಯಲಾಟ ನಿಂತಾಗ ಜಗುಲಿಯ ಮೇಲೆ ಕೂತು ನಡೆಯುವ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಹಾಡುವ ಭಾಗವತರು, ಮದ್ದಳೆ, ಎದುರುಬದುರು ಕೂತು ಪಾತ್ರಗಳ ಮಾತಾಡುವ ಅರ್ಥಧಾರಿಗಳು, ಸುತ್ತ ಕಂಬಳಿ ಹೊದ್ದ ಜನ. ಚಿಕ್ಕವನಿದ್ದಾಗ ಅಪ್ಪಯ್ಯನ ತೊಡೆ ಮೇಲೆ ಮಲಗಿ ಎಷ್ಟೋ ಕರ್ಣಪರ್ವ ಮುಗಿಸಿದ್ದೇನೆ. ಅದು ನೆನಪಿಗೇ ಬಂದಿರಲಿಲ್ಲ.

ಬಾಡಿಗೆ ಬೇಡ, ಕರೆಂಟಿನ ಬಿಲ್ಲು ಕೊಟ್ಟರೆ ಸಾಕು ಅಂದರು.

ಇನ್ನು ಮೈಕ್ ವಿಷಯ. ನನ್ನ ಆಸೆ ಒಂದು ಕಡೆ ಇರಲಿ, ಅದರಿಂದ ಒಂದು ದೊಡ್ಡ ಲಾಭ ಇತ್ತು. 2000ದಲ್ಲಿ ಬಂದ ಶಬ್ದ ಮಾಲಿನ್ಯದ ನಿಯಮದಲ್ಲಿ ಧ್ವನಿವರ್ಧಕ ಹಾಕಲು ಲಿಖಿತ ಅನುಮತಿ ಬೇಕು. ಮೈಕೇ ಇಲ್ಲದಿದ್ದರೆ ಆ ಅರ್ಜಿಯ ರಗಳೆಯೇ ಇಲ್ಲ.

ಆದರೆ ಖಾಲಿ ಕೋಣೆಯಲ್ಲಿ ಹಾಡಿದರೆ ದನಿ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಪದ ಒಂದೂ ತಿಳಿಯುತ್ತಿರಲಿಲ್ಲ. ಮೊದಲ ವಾರ ತಬಲಾ ಮೇಷ್ಟ್ರು ಎರಡು ಪೆಟ್ಟು ಹಾಕಿ ನಿಲ್ಲಿಸಿದರು. "ಇದು ಬಾವಿ" ಅಂದರು. ಎರಡನೇ ವಾರ ನಾವು ಕೆಳಗಿನಿಂದ ಖಾಲಿ ಗೋಣಿಚೀಲಗಳ ಕಟ್ಟು ಹೊತ್ತು ತಂದು ಹಿಂದಿನ ಗೋಡೆಗೆ ಒಟ್ಟಿದೆವು. ನೆಲಕ್ಕೆ ಎರಡು ಜಮಖಾನೆ. ಕಿಟಕಿಗೆ ಅಮ್ಮನ ಹಳೆಯ ಕಂಬಳಿ. ಅಷ್ಟೇ. ದನಿ ಕೂತಿತು. ಇದಕ್ಕೆ ಸ್ಟುಡಿಯೋದವರು ಲಕ್ಷ ಖರ್ಚು ಮಾಡುತ್ತಾರೆ ಅಂತ ಕಾಲೇಜಿನ ಗಿಟಾರ್ ಹುಡುಗ ಹೇಳಿದ.

ಮೊದಲ ತಿಂಗಳು ನಾನು ಮಾಡಿದ್ದೆಲ್ಲ ತಪ್ಪು.

ಕುರ್ಚಿಗಳನ್ನು ಸಾಲಾಗಿ ಇಟ್ಟೆ. ಸಾಲು ಕಂಡರೆ ನಮ್ಮ ಜನಕ್ಕೆ ಅದು ಕಾರ್ಯಕ್ರಮ. ಕಾರ್ಯಕ್ರಮ ಅಂದಮೇಲೆ ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ವಂದನಾರ್ಪಣೆ. ಮೂರನೇ ವಾರ ಹಿರಿಯರೊಬ್ಬರು ಬಗಲಲ್ಲಿ ಶಾಲು ಮತ್ತು ಗಂಧದ ಹಾರ ಇಟ್ಟುಕೊಂಡೇ ಬಂದಿದ್ದರು. "ಯಾರಿಗಾದರೂ ಸನ್ಮಾನ ಇಟ್ಟುಕೊಳ್ಳಿ, ಇಲ್ಲದಿದ್ದರೆ ಜನ ಬರೋದಿಲ್ಲ" ಎಂಬುದು ಅವರ ಅನುಭವದ ಮಾತು. ಬೇಡ ಅನ್ನಲು ಆಗಲಿಲ್ಲ. ಕಷಾಯ ತರುವವರಿಗೆ ಹೊದೆಸಿದೆವು. ಅವರು ಒಂದು ವಾರ ಆ ಶಾಲನ್ನೇ ಹೊದ್ದು ಸ್ಕೂಟರ್ ಓಡಿಸಿದರು.

ನಾನು ಹಾಡುವವರ ಪಟ್ಟಿಯನ್ನೂ ಮಾಡಿದ್ದೆ. 6:15ಕ್ಕೆ ಇವರು, 6:25ಕ್ಕೆ ಅವರು ಅಂತ. ಹಿಂದುಸ್ತಾನಿ ಕಲಿಯುವ ಹುಡುಗಿಯೊಬ್ಬಳು ಬಂದಳು. ನಮ್ಮ ಜಿಲ್ಲೆಗೆ ಹಿಂದುಸ್ತಾನಿ ಹೊಸದಲ್ಲ. ಯಲ್ಲಾಪುರದ ಹಾಸಣಗಿಯಲ್ಲಿ ಗಣಪತಿ ಭಟ್ಟರಂಥ ಗಾಯಕರಿದ್ದಾರೆ. ಅಡಿಕೆ ತೋಟದ ಎಷ್ಟೋ ಮನೆಗಳಲ್ಲಿ ತಂಬೂರಿ ಇದೆ. ಈ ಹುಡುಗಿ ಚೆನ್ನಾಗಿಯೇ ಹಾಡಿದಳು. ಆದರೆ ನಿಧಾನ ಲಯದ ವಿಲಂಬಿತ ಶುರು ಮಾಡಿ ಇಪ್ಪತ್ತೈದು ನಿಮಿಷ ಆದರೂ ಇನ್ನೂ ಕೆಳಗಿನ ಮಂದ್ರ ಸ್ವರಗಳಲ್ಲೇ ಇದ್ದಳು. ನಾನು ಗಡಿಯಾರ ನೋಡುವುದು, ಅವಳ ತಂದೆ ನನ್ನನ್ನು ನೋಡುವುದು. ಅದೇ ತಿಂಗಳು ಯಕ್ಷಗಾನದ ಉತ್ಸಾಹಿ ತಂಡವೊಂದು ಚೆಂಡೆ ತಂದಿತು. ಇಪ್ಪತ್ತಡಿ ಕೋಣೆಯಲ್ಲಿ ಚೆಂಡೆ ಬಾರಿಸಿದರೆ ಏನಾಗುತ್ತದೆ ಅಂತ ಬರೆದು ತಿಳಿಸಲಾರೆ. ಹೆಂಚಿನ ಸಂದಿಯಿಂದ ಮಣ್ಣು ಉದುರಿತು. ಅವತ್ತಿನಿಂದ ಚೆಂಡೆ ಕೆಳಗೇ ಇರಬೇಕು, ಮದ್ದಳೆ ಮೇಲೆ ಬರಬಹುದು ಅಂತ ತೀರ್ಮಾನವಾಯಿತು.

ಕರೋಕೆ ಪ್ರಸಂಗವನ್ನು ಹೇಳದಿದ್ದರೆ ಮೋಸವಾಗುತ್ತದೆ. ಒಬ್ಬರು ಬ್ಲೂಟೂತ್ ಸ್ಪೀಕರ್ ತಂದಿದ್ದರು. ದನಿ ಒಳ್ಳೆಯದು, ಅಭ್ಯಾಸವೂ ಇತ್ತು. ಟ್ರ್ಯಾಕ್ ಹಾಕಿ ಹಾಡುತ್ತೇನೆ ಅಂದರು. ನಾನು ಇಲ್ಲ ಅಂದೆ. ಹೇಳುವ ರೀತಿ ಸರಿಯಿರಲಿಲ್ಲ ಅಂತ ಈಗ ಅನಿಸುತ್ತದೆ. ಎಲ್ಲರ ಮುಂದೆ ಹೇಳಬಾರದಿತ್ತು. ಅವರು ನಗುತ್ತಲೇ ಸ್ಪೀಕರನ್ನು ಚೀಲಕ್ಕೆ ಹಾಕಿಕೊಂಡು, ಒಂದು ಲೋಟ ಕಷಾಯ ಕುಡಿದು ಹೋದರು. ಮತ್ತೆ ಬರಲಿಲ್ಲ. ಪೇಟೆಯಲ್ಲಿ ಎರಡು ಸಲ ಸಿಕ್ಕಾಗ ಕರೆದೆ. "ನೋಡುವಾ" ಅಂದರು. ತಮಾಷೆ ಏನೆಂದರೆ ನಾವು ಮೊಬೈಲಿನ ತಂಬೂರಿ ಆ್ಯಪ್ ಹಾಕಿಕೊಂಡು ಹಾಡುತ್ತಿದ್ದೆವು. ಅದೂ ಕರೆಂಟಿನದ್ದೇ ತಾನೆ? ಗಿಟಾರ್ ಹುಡುಗ ಇದನ್ನು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಹಾರ್ಮೋನಿಯಂ ಸಿಕ್ಕ ಮೇಲೆ ಆ್ಯಪ್ ಬಿಟ್ಟೆವು.

ಐದನೇ ವಾರ ಕುರ್ಚಿ ತೆಗೆದೆವು. ಜಮಖಾನೆಯ ಮೇಲೆ ಸುತ್ತ ಕೂರುವುದು, ಮೊಣಕಾಲು ನೋವಿನವರಿಗೆ ಮಾತ್ರ ಗೋಡೆ ಪಕ್ಕ ಬೆಂಚು. ಪಟ್ಟಿ ಇಲ್ಲ. ಬಲಗಡೆಯಿಂದ ಸರದಿ. ಒಬ್ಬರಿಗೆ ಎರಡು ಹಾಡು, ಬೇಡದಿದ್ದರೆ ಪಕ್ಕದವರಿಗೆ ದಾಟಿಸಬಹುದು. ಇಷ್ಟು ಮಾಡಿದ್ದಕ್ಕೆ ಜನ ಹದಿನೈದು ಇಪ್ಪತ್ತಾದರು. ಆದರೆ ನಾನು ಕಾಯುತ್ತಿದ್ದ ಹಾಡುಗಳು ಇನ್ನೂ ಬಂದಿರಲಿಲ್ಲ. ಬರುತ್ತಿದ್ದದ್ದು ಭಾವಗೀತೆ, ಭಜನೆ, ಭಾಗವತಿಕೆ, ಸಿನಿಮಾ ಹಾಡು. ಹೆಂಗಸರು ಬರುತ್ತಿದ್ದರು, ಗೋಡೆಗೊರಗಿ ಕೂರುತ್ತಿದ್ದರು, ಸರದಿ ಬಂದಾಗ ದಾಟಿಸಿಬಿಡುತ್ತಿದ್ದರು.

ನನ್ನ ಸೋದರತ್ತೆಗೆ ಅರವತ್ತೆಂಟು. ಅಮ್ಮಮ್ಮನ ಹಾಡೆಲ್ಲ ಅವಳಿಗೆ ಬರುತ್ತದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮದುವೆಯಲ್ಲಿ ಎಣ್ಣೆ ಹಚ್ಚುವಾಗ, ಹಸೆಗೆ ಕರೆಯುವಾಗ ಅವಳನ್ನೇ ಹುಡುಕುತ್ತಾರೆ. ಅವಳನ್ನು ಪ್ರತಿ ವಾರ ಕರೆತಂದೆ. ಪ್ರತಿ ವಾರವೂ ಅದೇ ಮಾತು: "ಯಂಗೆ ಹಾಡಲೆ ಬತ್ತಿಲ್ಲೆ ಮಾರಾಯಾ." ಒಂದು ದಿನ ಒತ್ತಾಯ ಮಾಡಿದೆ. ಎರಡು ಸಾಲು ಶುರು ಮಾಡಿದಳು, ದನಿ ನಡುಗಿತು, ನಿಂತಿತು. ಕೈ ಎಲ್ಲಿ ಇಡಬೇಕು ಅಂತಲೇ ತಿಳಿಯದೆ ಸೆರಗಿನ ತುದಿ ಸುತ್ತುತ್ತಿದ್ದಳು. ವಾಪಸ್ ಹೋಗುವಾಗ ಕಾರಿನಲ್ಲಿ ಹೇಳಿದಳು, ಸುಮ್ನೆ ಕೂತು ಹಾಡು ಅಂದರೆ ಅದು ಎಲ್ಲಿಂದ ಬರಬೇಕು, ಕೈಯಲ್ಲಿ ಏನಾದರೂ ಇರಬೇಕಪ್ಪ.

ಮುಂದಿನ ಗುರುವಾರ ಅವಳೇ ಒಂದು ತಟ್ಟೆ ಹತ್ತಿ ತಂದಳು. ದೇವರ ದೀಪದ ಹೂಬತ್ತಿಗೆ. ಕಾಳು ಬಿಡಿಸಿದ ಹತ್ತಿಯನ್ನು ಚೂರು ಚೂರು ಹರಿದು, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆಯತೊಡಗಿದಳು. ಪಕ್ಕದ ಹೂವಿನಂಗಡಿ ಅಕ್ಕ ತಾನೂ ಒಂದು ಹಿಡಿ ಎಳೆದುಕೊಂಡಳು. ಆ ಹೊತ್ತಿಗೆ ಗಿಟಾರ್ ಹುಡುಗನ ಸರದಿ ನಡೆದಿತ್ತು. ಅವನದು ಮುಗಿದು ಯಾರು ಮುಂದೆ ಅನ್ನುವಷ್ಟರಲ್ಲಿ ಮೂಲೆಯಲ್ಲಿ ಗುನುಗು ಕೇಳಿತು. ಅತ್ತೆ ಹತ್ತಿಯನ್ನೇ ನೋಡುತ್ತ ಹಾಡುತ್ತಿದ್ದಳು. ನಮಗಲ್ಲ, ಬತ್ತಿಗೆ. ಒಂದು ಸಾಲು ಅವಳು ಹೇಳಿದರೆ ಅದನ್ನೇ ಹೂವಿನಂಗಡಿ ಅಕ್ಕ ತಿರುಗಿ ಹೇಳಿದಳು. ಇಬ್ಬರಿಗೂ ಮೊದಲು ಪರಿಚಯ ಇಲ್ಲ, ಜಾತಿ ಬೇರೆ, ಊರು ಬೇರೆ. ಹಾಡಿನ ಮಾತೂ ಅಲ್ಲಲ್ಲಿ ಬೇರೆ. ಆದರೆ ತಿರುಗಿ ಹೇಳುವ ಸೊಲ್ಲು ಹಿಡಿಯುವ ಜಾಗ ಇಬ್ಬರಿಗೂ ಗೊತ್ತಿತ್ತು. ನಲವತ್ತು ಬತ್ತಿ ಆಗುವವರೆಗೆ ಹಾಡಿದರು. ತಬಲಾ ಮೇಷ್ಟ್ರು ತಬಲಾ ಮುಟ್ಟಲಿಲ್ಲ. ಆಮೇಲೆ ಕೇಳಿದೆ. "ಅದಕ್ಕೆ ತಾಳ ಅವರ ಬೆರಳಲ್ಲೇ ಇತ್ತು, ನಾನ್ಯಾಕೆ ನಡುವೆ ಬರಲಿ?" ಅಂದರು.

ಅಲ್ಲಿಂದ ಹತ್ತಿಯ ತಟ್ಟೆ ಪ್ರತಿ ವಾರ ಬರುತ್ತದೆ. ಗಂಡಸರೂ ಹೊಸೆಯುತ್ತಾರೆ. ನನ್ನ ಬತ್ತಿ ಮಾತ್ರ ಇವತ್ತಿಗೂ ನಿಲ್ಲುವುದಿಲ್ಲ, ಅಡ್ಡ ಬೀಳುತ್ತದೆ. ಹೊಸೆದದ್ದನ್ನು ಯಾರಿಗೆ ಬೇಕೋ ಅವರು ಮನೆಗೆ ಒಯ್ಯುತ್ತಾರೆ.

ಇದರ ಬೆನ್ನಲ್ಲೇ ಮೊಬೈಲಿನ ತಕರಾರು ಬಂತು. ಯಾರೋ ಅತ್ತೆ ಹಾಡುವುದನ್ನು ವಿಡಿಯೋ ಮಾಡಿದರು. ಕ್ಯಾಮೆರಾ ಕಂಡದ್ದೇ ಅವಳು ಹಾಡು ನಿಲ್ಲಿಸಿ ಬತ್ತಿಯಲ್ಲಿ ಮುಖ ಹುದುಗಿಸಿದಳು. ಅವತ್ತಿನಿಂದ ಬಾಗಿಲ ಬಳಿ ಒಂದು ಬುಟ್ಟಿ ಇಟ್ಟಿದ್ದೇವೆ, ಮೊಬೈಲು ಅದರಲ್ಲಿ. ಎರಡು ತಿಂಗಳಾದ ಮೇಲೆ ಅವಳೇ ನನ್ನನ್ನು ಬದಿಗೆ ಕರೆದು, ಬೆಂಗಳೂರಿನಲ್ಲಿರುವ ಮಗಳಿಗೆ ಕಳಿಸಲು ಒಂದು ಹಾಡು ಹಿಡಿದುಕೊಡುತ್ತೀಯಾ ಅಂತ ಕೇಳಿದಳು. ಕೇಳಿ ತೆಗೆದರೆ ಆಯ್ತು, ಕೇಳದೆ ತೆಗೆದರೆ ಇಲ್ಲ.

2024ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಊರಿಗೆ ಊರೇ ಬಿಡಕಿಬೈಲಿನಲ್ಲಿ. ಎರಡು ಗುರುವಾರ ಬಿಟ್ಟೆವು. ತಿರುಗುವ ತೊಟ್ಟಿಲು, ನಾಟಕದ ಕಂಪನಿಗಳ ಮೈಕು, ಇವುಗಳ ನಡುವೆ ಮೈಕ್ ಇಲ್ಲದೆ ಹಾಡುತ್ತೇವೆ ಅಂದರೆ ಜನ ನಗುತ್ತಾರೆ.

ನಮಗೆ ಮೇಲ್ವಿಚಾರಕ ಅಂತ ಒಬ್ಬನೇ ಇರುವುದು: ವಸ್ತಿ ಬಸ್ಸು. ಸಂಜೆ ಪೇಟೆ ಬಿಟ್ಟು ಹಳ್ಳಿಗೆ ಹೋಗಿ ರಾತ್ರಿ ಅಲ್ಲೇ ನಿಂತು ಬೆಳಿಗ್ಗೆ ವಾಪಸ್ ಬರುವ ಬಸ್ಸು. ಅದು ತಪ್ಪಿದರೆ ಆಟೋಗೆ ಐದು ನೂರು. ಹಾಗಾಗಿ ಎಂಟು ಗಂಟೆಗೆ ಯಾವ ಹಾಡಿದ್ದರೂ ಅರ್ಧ ಕೋಣೆ ಏಳುತ್ತದೆ. ಮೊದಮೊದಲು ಹಾಡುವವರಿಗೆ ಅವಮಾನ ಆಗುತ್ತಿತ್ತು. ಈಗ ಅಭ್ಯಾಸ. ಒಮ್ಮೆ ಉದ್ದನೆಯ ಕಥನಗೀತೆ ಹಾಡುತ್ತಿದ್ದ ಹಳ್ಳಿಯ ಅಮ್ಮ, ನಾಯಕಿ ಹೊಳೆ ದಾಟುವ ಜಾಗಕ್ಕೆ ಬಂದಾಗ ಗಂಟೆ ನೋಡಿ ಎದ್ದುಬಿಟ್ಟಳು. "ಉಳಿದಿದ್ದು ಮುಂದಿನ ವಾರ" ಅಂತ ಚೀಲ ಎತ್ತಿಕೊಂಡಳು. ಏಳು ದಿನ ಆ ನಾಯಕಿ ಹೊಳೆಯ ನಡುವೆಯೇ ನಿಂತಿದ್ದಳು. ಮುಂದಿನ ವಾರ ಎಂದೂ ಇಲ್ಲದಷ್ಟು ಜನ.

ದುಡ್ಡಿನ ಲೆಕ್ಕ ಸಣ್ಣದು. ಇಂಗ್ಲೆಂಡಿನಲ್ಲಿ ಬಾಗಿಲಲ್ಲಿ ಟಿಕೆಟ್ ಇರುತ್ತಿತ್ತು. ಇಲ್ಲಿ ಯಜಮಾನರು ಅಡಿಕೆ ಹಾಳೆಯ ಒಂದು ಟೋಪಿ ಕೊಟ್ಟರು, ತೋಟದ ಕೆಲಸದವರು ಹಾಕುವಂಥದ್ದು. ಕಷಾಯ ಕೊಡುವಾಗ ಅದು ಸುತ್ತು ಬರುತ್ತದೆ. ಹತ್ತು, ಇಪ್ಪತ್ತು, ಒಮ್ಮೊಮ್ಮೆ ಐದು ನೂರು. ಹಾಲು, ಬೆಲ್ಲ, ಕರೆಂಟಿಗೆ ಸಾಕಾಗುತ್ತದೆ. ದೂರದಿಂದ ಬಂದವರ ಬಸ್ ಚಾರ್ಜಿಗೆ ಸಾಕಾಗದಿದ್ದರೆ ನಾವು ನಾಲ್ಕು ಜನ ಹಾಕುತ್ತೇವೆ. ಒಮ್ಮೆ ಟೋಪಿಯಲ್ಲಿ ಎರಡು ಅಡಿಕೆ ಸಿಕ್ಕಿತು. ದರ ಏರಿದ್ದ ಕಾಲ, ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಮಳೆಗಾಲಕ್ಕೆ ನಾವು ತಯಾರಿರಲಿಲ್ಲ. ಜೂನ್ ಎರಡನೇ ವಾರ ತಗಡಿನ ಮೇಲೆ ಮಳೆ ಬಿದ್ದಾಗ ಪಕ್ಕದವರ ಮಾತೇ ಕೇಳಲಿಲ್ಲ. ತಬಲಾದ ಚರ್ಮ ಥಂಡಿ ಹಿಡಿದು ಸಡಿಲ. ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಗೆ ಕೂರಿಸಿದರೆ ಅರ್ಧ ಗಂಟೆಯಲ್ಲಿ ಎತ್ತಲೋ ಇಳಿಯುತ್ತಿತ್ತು. ಒಳಗಿನ ಸಣ್ಣ ಕೋಣೆಗೆ ಹೋದೆವು, ಒಬ್ಬರ ಮೇಲೊಬ್ಬರು ಕೂತ ಹಾಗೆ. ಒಬ್ಬರು ಹಾಡುವುದು ಆಗದ ಮಾತು. ಎರಡು ಗುಂಪಾಗಿ ಹಾಡಿದರೆ ಮಾತ್ರ ಮಳೆಯನ್ನು ದಾಟಬಹುದು. ಹಾಗಾಗಿ ಮಳೆಗಾಲ ಪೂರ್ತಿ ಸೊಲ್ಲಿನ ಹಾಡುಗಳೇ ನಡೆದವು. ಒಂಟಿಯಾಗಿ ಹಾಡಿ ಚಪ್ಪಾಳೆ ತೆಗೆದುಕೊಳ್ಳುತ್ತಿದ್ದವರು ಆ ತಿಂಗಳುಗಳಲ್ಲಿ ಸ್ವಲ್ಪ ಕಡಿಮೆ ಬಂದರು. ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಆ ವಾರ ಮತ್ತು ಮುಂದಿನ ವಾರ ಯಾರೂ ಕೂಟದ ಮಾತೆತ್ತಲಿಲ್ಲ.

ನವೆಂಬರ್‌ನಲ್ಲಿ ಕರಾವಳಿಯಿಂದ ಹಾಲಕ್ಕಿ ಒಕ್ಕಲಿಗ ಸಮುದಾಯದ ನಾಲ್ಕು ಜನ ದೇವಿಮನೆ ಘಟ್ಟ ಹತ್ತಿ ಬಂದರು, ಗುಮಟೆ ತಂದಿದ್ದರು. ನಮ್ಮ ಗಿಟಾರ್ ಹುಡುಗ ಅದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಮಣ್ಣಿನ ಮಡಕೆ, ಎರಡೂ ಕಡೆ ಬಾಯಿ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿ ತೆರೆದೇ ಇರುತ್ತದೆ. ಒಂದು ಕೈ ಚರ್ಮದ ಮೇಲೆ, ಇನ್ನೊಂದು ಅಂಗೈ ಸಣ್ಣ ಬಾಯಿಯನ್ನು ಮುಚ್ಚುತ್ತ ತೆರೆಯುತ್ತ ದನಿಯನ್ನು ಒಳಗೆ ಎಳೆದು ಹೊರಗೆ ಬಿಡುತ್ತದೆ. ಮೊದಲೆಲ್ಲ ಉಡದ ಚರ್ಮ ಕಟ್ಟುತ್ತಿದ್ದರು. ಉಡ ಕೊಲ್ಲುವುದನ್ನು 1972ರ ವನ್ಯಜೀವಿ ಕಾನೂನು ತಡೆದಿದೆ. ಇವರದು ಆಡಿನ ಚರ್ಮ. ದನಿ ಅದೇ ಬರುತ್ತದಾ ಅಂತ ಕೇಳಿದೆ. ಹಿರಿಯರು ತಲೆ ಅಲ್ಲಾಡಿಸಿ, "ಬರ್ತದೆ, ಬಿಸಿ ಜಾಸ್ತಿ ಬೇಕು" ಅಂದರು. ನಮ್ಮ ಕಷಾಯದ ಒಲೆಯ ಮೇಲೆ ನಾಲ್ಕು ಗುಮಟೆಗಳನ್ನು ತಿರುಗಿಸಿ ಕಾಯಿಸಿದರು. ಅವತ್ತು ಕಷಾಯ ತಡವಾಯಿತು. ಯಾರೂ ಕೇಳಲಿಲ್ಲ.

ಡಿಸೆಂಬರ್‌ನಲ್ಲಿ ಒಂದು ಗುರುವಾರ ವಖಾರಿ ಬಿಟ್ಟು ಅತ್ತೆಯ ಊರಿಗೆ ಹೋದೆವು. ಅಡಿಕೆ ಗೊನೆ ಕೊಯ್ಯುವ ಕಾಲ. ಅಂಗಳದ ಚಪ್ಪರದಡಿ ಹಸಿ ಅಡಿಕೆಯ ರಾಶಿ, ಸುತ್ತ ಅಡಿಕೆ ಸುಲಿಯುವ ಹನ್ನೆರಡು ಮೆಟ್ಟುಗತ್ತಿ. ಚಿಕ್ಕವನಿದ್ದಾಗ ಅಡಿಕೆ ಸುಲಿಯುವ ರಾತ್ರಿ ಅಂದರೆ ಕತೆ, ಒಗಟು, ಹಾಡು. ಈಗ ಬಹಳ ಮನೆಗಳಲ್ಲಿ ಸುಲಿಯುವ ಮಷೀನು ಬಂದಿದೆ. ಕತ್ತಿ ಇರುವಲ್ಲಿ ಮೊಬೈಲಿನ ಹಾಡು ಇರುತ್ತದೆ. ಅವತ್ತು ಮೊಬೈಲು ಬುಟ್ಟಿಯಲ್ಲಿ. ಪೇಟೆಯಿಂದ ಹೋದ ನಮಗೆ ಸುಲಿಯಲು ಬರುವುದಿಲ್ಲ. ಸಿಪ್ಪೆ ಹೊತ್ತು ಹಾಕುವ ಕೆಲಸ ಕೊಟ್ಟರು. ಸುಲಿಯಲು ಬಂದಿದ್ದ ಹೆಂಗಸರು ಮೊದಲು ನಮ್ಮ ಹಾರ್ಮೋನಿಯಂ ನೋಡಿ ನಕ್ಕರು. ಅದನ್ನು ಜಗುಲಿಯ ಮೇಲೆ ಇಟ್ಟೆವು. ಒಬ್ಬಳು ಶುರು ಮಾಡಿದಳು, ಇನ್ನೊಂದು ಬದಿಯವರು ಎತ್ತಿಕೊಂಡರು. ಕತ್ತಿಗೆ ಅಡಿಕೆ ತಾಗುವ ಚಕ್ ಚಕ್ ಸದ್ದೇ ತಾಳ. ವೇಗ ಹೆಚ್ಚಿದಾಗ ಹಾಡೂ ಓಡಿತು, ಯಾರಿಗೋ ಬೆರಳಿಗೆ ತಾಗಿದಾಗ ಹಾಡು ನಿಂತಿತು, ಅರಿಶಿನ ಹಚ್ಚಿ ಮತ್ತೆ ಶುರುವಾಯಿತು. ಹನ್ನೊಂದೂವರೆವರೆಗೆ. ಅಮ್ಮಮ್ಮನ ಬಾಯಲ್ಲಿ ಕೇಳಿ ಮರೆತಿದ್ದ ಒಂದು ಹಾಡು ಅಲ್ಲಿ ಬಂತು. ಮನೆ ಬೇರೆ, ಬಾಯಿ ಬೇರೆ. ಸಿಪ್ಪೆಯ ಬುಟ್ಟಿ ಹೊತ್ತು ನಿಂತಿದ್ದವನಿಗೆ ಮುಂದಿನ ಸಾಲು ತಾನಾಗಿ ಬಾಯಿಗೆ ಬಂತು. ಯಾರೂ ಗಮನಿಸಲಿಲ್ಲ. ಬುಟ್ಟಿ ಖಾಲಿ ಮಾಡಿ ಬಂದು ಮತ್ತೆ ತುಂಬಿಸಿದೆ.

2025ರ ಫೆಬ್ರವರಿ 13 ಕೂಡ ಗುರುವಾರವೇ. ಬೆಳಿಗ್ಗೆಯೇ ಸುದ್ದಿ ಬಂತು, ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡ ಇನ್ನಿಲ್ಲ. ಓದು ಬರಹ ಇಲ್ಲದೆ ಸಾವಿರಾರು ಹಾಡುಗಳನ್ನು ತಲೆಯಲ್ಲೇ ಇಟ್ಟುಕೊಂಡಿದ್ದ ಹಾಲಕ್ಕಿ ಅಜ್ಜಿ. ಸಾರಾಯಿ ವಿರುದ್ಧ ಊರೂರು ತಿರುಗಿದವಳು. 2017ರಲ್ಲಿ ಪದ್ಮಶ್ರೀ ಬಂತು. ನವೆಂಬರ್‌ನಲ್ಲಿ ಬಂದಿದ್ದ ಗುಮಟೆಯವರಿಗೆ ಫೋನ್ ಮಾಡಿದೆ. ಬಡಗೇರಿಗೆ ಹೊರಟಿದ್ದರು. ಇಲ್ಲಿ ಕೆಲವರು "ಇವತ್ತು ಬೇಡ ಅಲ್ವಾ?" ಅಂದರು. ಬಾಗಿಲು ತೆರೆಯೋಣ, ಬಂದವರು ಬರಲಿ ಅಂದರು ಯಜಮಾನರು.

ಬಂದವರು ಹದಿನೆಂಟು. ಭಾಷಣಕ್ಕೆ ಎದ್ದ ಒಬ್ಬರನ್ನು ಅತ್ತೆ ಸೀರೆಯ ಸೆರಗಲ್ಲೇ ಸನ್ನೆ ಮಾಡಿ ಕೂರಿಸಿದಳು. ನಮ್ಮಲ್ಲಿ ಅಂಕೋಲಾ ಕಡೆಯ ಒಬ್ಬರಿದ್ದಾರೆ, ಬ್ಯಾಂಕಿನ ಕೆಲಸ. ಒಂದು ವರ್ಷದಿಂದ ಪ್ರತಿ ವಾರ ಬಂದು, ಪ್ರತಿ ವಾರ ಸರದಿ ದಾಟಿಸಿದವರು. ಅವತ್ತು ಅವರೇ ಶುರು ಮಾಡಿದರು. ಗದ್ದೆ ನೆಟ್ಟಿ ಮಾಡುವಾಗ ಅವರ ಅಜ್ಜಿ ಹೇಳುತ್ತಿದ್ದ ಪದ. ನಾಲ್ಕೇ ಸಾಲು ನೆನಪಿದ್ದದ್ದು. ನಾಲ್ಕು ಮುಗಿದ ಮೇಲೆ ಸುತ್ತ ನೋಡಿದರು, ಮುಂದೆ ಇಲ್ಲ ಅನ್ನುವ ಹಾಗೆ. ಹೂವಿನಂಗಡಿ ಅಕ್ಕ ಅದೇ ನಾಲ್ಕನ್ನು ತಿರುಗಿ ಹೇಳಿದಳು. ಮತ್ತೆ ಅವರು. ಮತ್ತೆ ನಾವು. ಅದೇ ನಾಲ್ಕು ಸಾಲು, ಎಷ್ಟು ಸಲ ಹೋಯಿತೋ ಲೆಕ್ಕ ಇಲ್ಲ. ಎಂಟಾದರೂ ಯಾರೂ ಗಡಿಯಾರ ನೋಡಲಿಲ್ಲ. ವಸ್ತಿ ಬಸ್ಸು ಹೋಯಿತು. ಏಳು ಜನರನ್ನು ನಾನು ಮತ್ತು ತಬಲಾ ಮೇಷ್ಟ್ರು ಎರಡು ಕಾರಿನಲ್ಲಿ ಬಿಟ್ಟು ಬಂದೆವು.

ಇದಕ್ಕೆ ಹೆಸರಿಡಬೇಕು, ನೋಂದಣಿ ಮಾಡಿಸಬೇಕು, ಇಲಾಖೆಯ ಅನುದಾನಕ್ಕೆ ಅರ್ಜಿ ಹಾಕಬೇಕು ಅಂತ ಆಗಾಗ ಸಲಹೆ ಬರುತ್ತದೆ. ಇನ್ನೂ ಇಟ್ಟಿಲ್ಲ. ಪೇಟೆಯಲ್ಲಿ ಸಿಕ್ಕವರು "ಗುರುವಾರಕ್ಕೆ ಉಂಟಲ್ಲ?" ಅಂತ ಕೇಳುತ್ತಾರೆ. ಉಂಟು ಅನ್ನುತ್ತೇನೆ. ಆರೂಕಾಲಿಗೆ. ಈ ವಾರ ಸ್ವಲ್ಪ ಬೇಗ ಹೋಗಬೇಕು. ಹತ್ತಿ ಖಾಲಿಯಾಗಿದೆ, ತರುವ ಪಾಳಿ ನನ್ನದು. ಅಂಗಡಿಯಲ್ಲಿ ಸಿಗುವ ಸುರುಳಿ ಹತ್ತಿ ತರಬೇಡ, ಅದರಲ್ಲಿ ಬತ್ತಿ ನಿಲ್ಲುವುದಿಲ್ಲ ಅಂತ ಅತ್ತೆ ಎರಡು ಸಲ ಫೋನ್ ಮಾಡಿದ್ದಾಳೆ.